ಬಾವಿಯಲ್ಲಿ ಅಜ್ಜಿ ಒಪ್ಪಿಕೊಂಡ ತಪ್ಪು

ಶೀನು, ನಿನ್ನ ಹೊಟ್ಟೆಯ ಮೇಲಿನ ಏಳು ಬರೆಗಳನ್ನು ಹಾಕಿಸಿದ್ದು ನಿನ್ನ ಅಜ್ಜಿಯಲ್ಲ. ನಾನು.

ಬೆಳಗಿನಿಂದ ನಾಲ್ಕು ಹಾಳೆ ಹರಿದೆ. ನಾಲ್ಕರಲ್ಲೂ ಮೊದಲು ಕಾರಣಗಳನ್ನು ಬರೆದು ಆಮೇಲೆ ಈ ಮಾತಿಗೆ ಬರೋಣ ಎಂದುಕೊಂಡಿದ್ದೆ, ಕಾರಣಗಳೇ ಮುಗಿಯಲಿಲ್ಲ. ಇಷ್ಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು, ಕಾರಣಗಳನ್ನು ಸಾಲಾಗಿ ಜೋಡಿಸುವುದು ನನಗೆ ಚೆನ್ನಾಗಿ ಬರುತ್ತದೆ. ಅದಕ್ಕೇ ಈ ಐದನೆಯ ಹಾಳೆಯಲ್ಲಿ ಮೊದಲ ಸಾಲಿಗೇ ಬರೆದುಬಿಟ್ಟೆ. ಇನ್ನು ಇದನ್ನು ಹರಿದರೂ, ಒಮ್ಮೆ ಬರೆದಿದ್ದೆ ಎಂಬುದಾದರೂ ನನಗೆ ಗೊತ್ತಿರುತ್ತದೆ.

ನಿನ್ನೆ ನೀನು ಫೋನು ಮಾಡಿದ್ದೆ. ಭಾನುವಾರ ಸೇಡಂ ರಸ್ತೆಯ ಬೀಗರ ಮನೆಯಲ್ಲಿ ಮಗಳ ತೊಟ್ಟಿಲು, ಹೆಸರು ಗೋದಾವರಿ ಎಂದು ನಿಶ್ಚಯವಾಗಿದೆ ಎಂದೆ. ಅಜ್ಜಿಯ ಹೆಸರು. ನನಗೆ ಸಂತೋಷವಾಯಿತು — ಸ್ವಲ್ಪ ಹೊತ್ತು ನಿಜವಾಗಿಯೂ ಆಯಿತು. ಆಮೇಲೆ ನೀನು ಅಂದೆ: "ಅಜ್ಜಿ ತಪ್ಪು ಮಾಡಿದ್ಳು ಖರೆ. ಆದ್ರ ನಂದಽ ತಪ್ಪು ಅಂತ ಬಾಯಿಬಿಟ್ಟು ಒಪ್ಕೊಂಡ್ಳು. ನಾ ಅವತ್ತಽ ಆಕೀನ ಮಾಫ್ ಮಾಡೀನಿ ಅಮ್ಮಾ. ಒಪ್ಕೊಳ್ಳೋ ಮಂದಿ ಎಷ್ಟು ಜನ ಸಿಗ್ತಾರ ಹೇಳು. ಮಗಳಿಗೂ ಇದನ್ನ ಹೇಳಿ ಬೆಳಸ್ತೀನಿ."

ನಾನು "ಹೂಂ" ಎಂದೆ. ಇಪ್ಪತ್ತೇಳು ವರ್ಷದಿಂದ ಈ ವಿಷಯದಲ್ಲಿ ನಿನ್ನೆದುರು ನಾನು ಆಡಿದ್ದೆಲ್ಲ ಆ "ಹೂಂ" ಅಷ್ಟೇ. ಆದರೆ ಇದುವರೆಗೆ ಅದು ನಿನ್ನ ತನಕ ಇತ್ತು. ಈಗ ಅಜ್ಜಿಯ ಹೆಸರಿನ ಜೊತೆ ನನ್ನ ಸುಳ್ಳನ್ನೂ ಆ ಕೂಸಿನ ತೊಟ್ಟಿಲಿಗೆ ಹಾಕಬೇಕೆ?

ನಿನಗೆ ಆಗ ಏಳು ತಿಂಗಳು. ನಿನ್ನ ಅಪ್ಪ ನೌಕರಿಯ ಮೇಲೆ ಯಾದಗಿರಿಯಲ್ಲಿದ್ದರು, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ನಾನು, ಅಜ್ಜಿ, ನೀನು. ಅಜ್ಜಿಯನ್ನು ನೀನು ಕಂಡದ್ದೇ ಆ ರೂಪದಲ್ಲಿ: ಕುಪ್ಪಸವಿಲ್ಲದ ಕೆಂಪು ಸೀರೆ, ಹಣೆಯ ಅರ್ಧದ ತನಕ ಎಳೆದ ಸೆರಗು. ಇಪ್ಪತ್ತೊಂದಕ್ಕೆ ಗಂಡ ಹೋದಾಗ ಹಿರಿಯರು ಅವರ ತಲೆ ಬೋಳಿಸಿ ಮಡಿಯಲ್ಲಿ ಕೂಡಿಸಿದರು. ಅಂದಿನಿಂದ ಅವರ ಅಡುಗೆ ಬೇರೆ, ನೀರು ಬೇರೆ. ಮಡಿಯಲ್ಲಿದ್ದಾಗ ಅವರು ಯಾರನ್ನೂ ಮುಟ್ಟುವುದಿಲ್ಲ, ಯಾರೂ ಅವರನ್ನು ಮುಟ್ಟುವಂತಿಲ್ಲ. ಬಿ.ಎಸ್ಸಿ. ಓದಿ ಬಂದ ಸೊಸೆ ನಾನು. ಆ ಮಡಿಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರು ಪೂರ್ವ ಎಂದರೆ ನಾನು ಪಶ್ಚಿಮ ಎನ್ನುತ್ತಿದ್ದೆ.

ನಿನಗೆ ಹೊಟ್ಟೆ ಉಬ್ಬಿತು. ಮೂರು ದಿನ ಕುಡಿದ ಹಾಲು ನಿಲ್ಲಲಿಲ್ಲ. ಡಾಕ್ಟರರು ಔಷಧಿ ಕೊಟ್ಟು ನಾಲ್ಕು ದಿನ ನೋಡೋಣ ಎಂದರು. ಮೂರನೆಯ ದಿನ ನೀನು ಅಳುವುದನ್ನೂ ಬಿಟ್ಟೆ — ಅದು, ಶೀನು, ಅಳುವುದಕ್ಕಿಂತ ಕೆಟ್ಟದ್ದು. ಶಾಲೆಯ ಆಯಾ ಹೇಳಿದಳು, ಊರಾಚೆಯ ಹಳ್ಳಿಯಲ್ಲಿ ಒಬ್ಬ ಮುದುಕಿ ಇದ್ದಾಳೆ, ಬರೆ ಹಾಕುತ್ತಾಳೆ, ಹಾಕಿದ ಮರುದಿನವೇ ಕೂಸುಗಳು ಹಾಲು ಕುಡಿಯುತ್ತವೆ ಎಂದು. ಕಬ್ಬಿಣ ಕಾಯಿಸಿ ಹಸುಳೆಯ ಹೊಟ್ಟೆಯ ಮೇಲೆ ಗೆರೆ ಎಳೆಯುವುದು ನಮ್ಮ ಕಡೆ ಹೊಸದೇನಲ್ಲ, ನನ್ನ ತರಗತಿಯಲ್ಲೇ ಎಷ್ಟೋ ಮಕ್ಕಳಿಗೆ ಆ ಗುರುತು ಇತ್ತು. ಆ ಮಕ್ಕಳ ಎದುರಿಗೇ ನಾನು ಮೂಢನಂಬಿಕೆಯ ಪಾಠ ಮಾಡುತ್ತಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಮನೆಗೆ ಬಂದು ಅಜ್ಜಿಗೆ ಹೇಳಿದೆ. ಅವರು ತುಳಸಿಗೆ ನೀರು ಹಾಕುತ್ತಿದ್ದರು. ಹೌದು ಎನ್ನುತ್ತಾರೆ ಎಂದೇ ತಿಳಿದಿದ್ದೆ, ಹಳೆಯ ಕಾಲದವರಲ್ಲವೆ? ಅವರು ತಂಬಿಗೆ ಕೆಳಗಿಟ್ಟರು.

"ಬ್ಯಾಡ ಸುಧಾ," ಎಂದರು. "ಹಿರ್ಯಾರು ಹೇಳ್ಯಾರಂತ ನಾ ನನ್ನ ತಲಿ ಕೊಟ್ಟೆ. ನೀ ಕೂಸಿನ ಮೈ ಕೊಡಬ್ಯಾಡ. ದೊಡ್ಡ ದವಾಖಾನಿಗೆ ಒಯ್ಯಿ."

ಈ ಮಾತನ್ನು ನಾನು ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ. ಮರೆಯಲು ಪ್ರಯತ್ನಪಟ್ಟ ಮಾತುಗಳು ಹೀಗೆಯೇ ಉಳಿಯುತ್ತವೆಯೋ ಏನೋ.

ಇದಾದ ಮೇಲೂ ಯಾಕೆ ಹೋದೆ? ಹೆದರಿದ್ದೆ, ನಿಜ. ಆದರೆ ಅಷ್ಟೇ ಅಲ್ಲ — ಇದನ್ನು ನನಗೆ ನಾನೇ ಹೇಳಿಕೊಳ್ಳಲು ಬಹಳ ವರ್ಷ ಬೇಕಾಯಿತು — ಅವರು ಬೇಡ ಎಂದದ್ದಕ್ಕೂ ಹೋದೆ. ನನ್ನ ಮಗನ ವಿಷಯದಲ್ಲಿ ಇವರದೇನು ಎಂದು ಹಟ. ಅವರು ಮರುದಿನ ಪೂಜೆಗೆ ಕೂತ ಹೊತ್ತು ನೋಡಿ, ಟಾಂಗಾ ಹಿಡಿದು, ನಿನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದೆ. ಮುದುಕಿ ಒಲೆಯಲ್ಲಿ ದಬ್ಬಣ ಕಾಯಿಸಿದಳು. "ಕಾಲು ಗಟ್ಟಿ ಹಿಡೀರಿ ಬಾಯಾರ," ಎಂದಳು. ಹಿಡಿದೆ. ಹೊಕ್ಕುಳಿನ ಎಡಕ್ಕೆ ನಾಲ್ಕು, ಬಲಕ್ಕೆ ಮೂರು. ಅಳುವುದನ್ನೇ ಬಿಟ್ಟಿದ್ದ ನೀನು ಆಗ ಅತ್ತೆ.

ಬರೆಯುವುದನ್ನು ಬಿಟ್ಟು ಎದ್ದು ಹಾಲು ಇಳಿಸಿ ಬಂದೆ. ಉಕ್ಕಿ ಹೋಗಿತ್ತು. ಕೂತಲ್ಲಿ ಕೂರಲು ಆಗುತ್ತಿಲ್ಲ.

ಬರೆ ಕೀವಾಯಿತು. ಕೊನೆಗೆ ದೊಡ್ಡ ದವಾಖಾನೆಗೇ ಹೋದೆವು, ಹೊಟ್ಟೆಗೂ ಗಾಯಕ್ಕೂ ಕೂಡಿಯೇ ಔಷಧ ಮಾಡಿದರು, ನೀನು ಉಳಿದೆ. ನಿನ್ನ ಅಪ್ಪ ಬಂದರು. ಬಟ್ಟೆ ಸರಿಸಿ ನೋಡಿದರು, "ಯಾರು ಹಾಕ್ಸಿದ್ದು ಇದು?" ಎಂದು ಕೇಳಿದರು. ನಾನು ಬಟ್ಟೆ ಎಳೆದು ನಿನ್ನ ಹೊಟ್ಟೆ ಮುಚ್ಚಿದೆ. ಅಜ್ಜಿ ಬಾಗಿಲಲ್ಲಿ ನಿಂತಿದ್ದರು. "ಆಗಿದ್ದು ಆಗಿ ಹೋತು, ಕೂಸು ಉಳೀತಲ್ಲ," ಎಂದರು ಅಷ್ಟೇ. ಅಪ್ಪ ಅವರ ಮುಖ ನೋಡಿದರು, ಬೋಳುತಲೆಯ ಮೇಲಿನ ಸೆರಗು ನೋಡಿದರು — ಮತ್ತೆ ಏನೂ ಕೇಳಲಿಲ್ಲ. ಉತ್ತರ ಎದುರಿಗೇ ನಿಂತಿದೆ ಎಂದುಕೊಂಡರು. ಓದಿದ ಹೆಂಡತಿ ಒಂದು ಕಡೆ, ಮಡಿಯ ತಾಯಿ ಒಂದು ಕಡೆ. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು. ಅಂದಿನಿಂದ ಅವರು ತಾಯಿಯ ಜೊತೆ ಬೇಕಾದಷ್ಟೇ ಮಾತಾಡಿದರು. ನಾನು ಸುಳ್ಳು ಹೇಳಲಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸುಳ್ಳು ಹೇಳಿದ್ದು ನಿನ್ನ ಮುಂಜಿಯಲ್ಲಿ.

ಮಾತೃಭೋಜನ ನಿನಗೆ ನೆನಪಿರಬೇಕು. ಮುಂಜಿಗೆ ಮೊದಲು ಮಗ ತಾಯಿಯ ಎಲೆಯಲ್ಲೇ ಕೂತು ಉಣ್ಣುವ ಕೊನೆಯ ಊಟ. ಎಂಟು ವರ್ಷದ ನೀನು ಅಂಗಿಯಿಲ್ಲದೆ, ಸಣ್ಣ ಪಂಚೆಯಲ್ಲಿ ನನ್ನ ಮಗ್ಗುಲಿಗೆ ಕೂತಿದ್ದೆ. ಮೈ ಬೆಳೆದಂತೆ ಬರೆಗಳೂ ಬೆಳೆದು ಉಬ್ಬಿಕೊಂಡಿದ್ದವು. ಅಷ್ಟು ಜನರ ಎದುರಿಗೆ ನೀನು ಬರಿಮೈಯಲ್ಲಿ ಕೂತದ್ದು ಅದೇ ಮೊದಲು. ನಮ್ಮ ಶಾಲೆಯ ಹೆಡ್‌ಮೇಡಮ್ ಎದುರಿಗೇ ಕುರ್ಚಿಯಲ್ಲಿದ್ದರು. ಬಗ್ಗಿ ನೋಡಿ, "ಏನ್ರೀ ಸುಧಾಬಾಯಿ, ನಿಮ್ಮ ಮಗನಿಗೂ ಬರಿ ಹಾಕ್ಸೀರಿ?" ಎಂದರು. ಆ "ನಿಮ್ಮ" ಎಂಬ ಮಾತಿನ ಮೇಲೆ ಅವರು ಒತ್ತು ಕೊಟ್ಟರೋ, ನನಗೇ ಹಾಗೆ ಕೇಳಿಸಿತೋ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ತುತ್ತು ಕೈಯಲ್ಲಿ ಹಿಡಿದೇ ಹೇಳಿಬಿಟ್ಟೆ:

"ನಮ್ಮ ಅತ್ತಿಯವರ್ರೀ. ಹಳೀ ಕಾಲದವ್ರು. ನಾ ಸಾಲಿಗೆ ಹೋದಾಗ ಒಯ್ದು ಹಾಕ್ಸಿಬಿಟ್ರು."

ಆ ತುತ್ತನ್ನು ನಿನ್ನ ಬಾಯಿಗಿಟ್ಟೆ.

ಅಜ್ಜಿ ಮೂರು ಹೆಜ್ಜೆ ದೂರದಲ್ಲಿ, ತುಪ್ಪದ ಮಿಳ್ಳೆ ಹಿಡಿದು ನಿಂತಿದ್ದರು. ಕೇಳಿಸಿತು. ನನ್ನನ್ನು ನೋಡಲಿಲ್ಲ, ನಿನ್ನನ್ನು ನೋಡಿದರು. ನೀನು ಅಗಿಯುವುದನ್ನು ನಿಲ್ಲಿಸಿ ಅವರನ್ನೇ ನೋಡುತ್ತಿದ್ದೆ. ಆ ದಿನದಿಂದ ನೀನು ಅಜ್ಜಿಯ ಹತ್ತಿರ ಹೋಗಲಿಲ್ಲ. ಮುಂಜಿ ಮುಗಿದು ತಿಂಗಳಿಗೆ ಅವರು ಕಮಲಾಪುರಕ್ಕೆ, ತಮ್ಮನ ಮನೆಗೆ ಹೊರಟರು. ನಳದ ನೀರು ಮಡಿಗೆ ಬರುವುದಿಲ್ಲ, ಅಲ್ಲಿ ಬಾವಿ ಇದೆ ಎಂದು ನೆಪ ಹೇಳಿದರು. ನಾವು ಯಾರೂ ಇರಿ ಎನ್ನಲಿಲ್ಲ.

ನನ್ನ ಪಾಪದ ಬಡ್ಡಿಯನ್ನು ಕಟ್ಟಿದವನು ನೀನು. ಬಚ್ಚಲ ಬಾಗಿಲಿಗೆ ಎರಡು ಚಿಲಕ ಹಾಕಿ ಸ್ನಾನ ಮಾಡುತ್ತಿದ್ದೆ. ಪಂಕ್ತಿಯ ಊಟಕ್ಕೆ ಬರುವುದನ್ನು ಬಿಟ್ಟೆ. ಆಷಾಢ ಏಕಾದಶಿಗೆ ಮಠದಲ್ಲಿ ಮೈಮೇಲೆ ಕಾದ ಮುದ್ರೆ ಹಾಕಿಸಿಕೊಳ್ಳಲು ಅಂಗಿ ತೆಗೆಯಬೇಕೆಂದು ಹೊಟ್ಟೆನೋವಿನ ನೆಪ ಹೇಳಿ ಮಲಗುತ್ತಿದ್ದೆ. ಹದಿನಾಲ್ಕಕ್ಕೆ ಬಂದಾಗ, ನಮ್ಮ ಕಲಬುರಗಿಯ ಬಿಸಿಲಿನಲ್ಲಿ, ಅಂಗಿಯ ಒಳಗೆ ಬನಿಯನ್, ಬನಿಯನ್ನಿನ ಒಳಗೆ ಇನ್ನೊಂದು ಬನಿಯನ್.

ಆ ಬೇಸಿಗೆಯಲ್ಲಿ ನಿನ್ನ ಗೆಳೆಯರಿಗೆಲ್ಲ ಈಜಿನ ಹುಚ್ಚು. ಮೋಮಿನಪುರದ ಇಮ್ರಾನ್ ದಿನಾ ಸೈಕಲ್ ಮೇಲೆ ಬಂದು ಕರೆಯುತ್ತಿದ್ದ. ನೀನು ಒಂದು ದಿನ ಹೋದೆ. ಅರ್ಧ ಗಂಟೆಗೆ ಬೆವರಿನಲ್ಲಿ ತೊಯ್ದು ಓಡಿ ಬಂದೆ. ಈಜುಗೊಳದ ಕಾವಲಿನವನು, "ಬನಿಯನ್ ತೆಗಿ ಬೇಟಾ, ಹಾಕ್ಕೊಂಡು ಇಳೀಲಿಕ್ಕ ಪರವಾನಗಿ ಇಲ್ಲ," ಎಂದನಂತೆ. ಅವನು ಕೆಟ್ಟದ್ದೇನೂ ಹೇಳಿರಲಿಲ್ಲ. ಆದರೆ ನೀನು ಎರಡು ದಿನ ಊಟ ಬಿಟ್ಟೆ. ಮೂರನೆಯ ದಿನ ನನ್ನ ಎದುರಿಗೆ ನಿಂತು, "ಅಮ್ಮಾ, ಇದನ್ನ ಕೊಯ್ದು ತೆಗಸ್ಲಿಕ್ಕ ಬರ್ತದೇನು?" ಎಂದು ಕೇಳಿದೆ. ಕೊಯ್ದು ತೆಗೆಸಲು — ಹೊಟ್ಟೆಯ ಚರ್ಮವನ್ನು.

ಅಂದಿನಿಂದ ನನಗೆ ನಿಂತಲ್ಲಿ ನಿಲ್ಲಲು ಆಗಲಿಲ್ಲ. ಮುಲಾಮು ತಂದೆ. ತೋಳುಳ್ಳ ಈಜಿನ ಅಂಗಿ ಎಲ್ಲಾದರೂ ಸಿಗುತ್ತದೆಯೋ ಎಂದು ಅಂಗಡಿ ಅಂಗಡಿ ಕೇಳಿದೆ. "ಯಾರೂ ನೋಡಂಗಿಲ್ಲೋ, ಎಲ್ಲಾರೂ ತಮ್ಮ ತಮ್ಮ ಈಜಿನಾಗ ಇರ್ತಾರ," ಎಂದೆ. ನೀನು ನನ್ನನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು, ಇದು ಎಷ್ಟು ಪೊಳ್ಳು ಮಾತು ಎಂದು. ಒಂದೇ ಒಂದು ಮಾತು ನಿನಗೆ ತಾಗಬಹುದಿತ್ತು, ಅದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ.

ಕಮಲಾಪುರದ ಬಾವಿ ನೆನಪಾದದ್ದು ಹಾಗೆ. ಅಜ್ಜಿಯ ತಮ್ಮ ರಾಘಣ್ಣ ಮಾಮಾನ ಕೆಂಪು ಬಾಳೆಯ ತೋಟ, ನಡುವೆ ಮೆಟ್ಟಿಲ ಬಾವಿ. ನೋಡುವವರಿಲ್ಲ, ಕೇಳುವವರಿಲ್ಲ. ಅಲ್ಲಿ ಅಜ್ಜಿ ಇದ್ದಾರೆ ಎಂದು ನೀನು ಮುಖ ಸಿಂಡರಿಸಿದೆ. ಈಜು ಕಲಿಯುವ ಆಸೆ ಆ ಸಿಟ್ಟಿಗಿಂತ ದೊಡ್ಡದಿತ್ತು, ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಒಂದೇ ಲೆಕ್ಕ ಹಾಕುತ್ತಿದ್ದೆ: ಅಜ್ಜಿ ಬಾಯಿಬಿಟ್ಟರೆ? ನಿನ್ನನ್ನು ನೀರಿಗಿಳಿಸಲು ಹೊರಟವಳಿಗೆ ತಾನೇ ಮುಳುಗುವ ಭಯ.

ಬಾವಿಗೆ ರಾಘಣ್ಣ ಮಾಮಾ ಬರುತ್ತಾನೆ ಎಂದುಕೊಂಡಿದ್ದೆ. ಅಜ್ಜಿ, "ಅಂವಗ ಏನು ಈಜ್ಲಿಕ್ಕ ಬರ್ತದ? ಕಲ್ಲಿನಂಗ ಮುಳಗ್ತಾನ. ನಾ ಕಲಸ್ತೀನಿ," ಎಂದರು. ನಾನು ಬೆರಗಾದೆ. ಹುಡುಗಿಯಾಗಿದ್ದಾಗ ಅದೇ ಬಾವಿಯಲ್ಲಿ ಕಲಿತದ್ದಂತೆ. ಈಗಲೂ ಬೆಳಗಿನ ಮಡಿಸ್ನಾನಕ್ಕೆ ಇಳಿದಾಗ ಮೂರು ಸುತ್ತು ಈಜಿಯೇ ಮೇಲೆ ಬರುತ್ತಿದ್ದರಂತೆ. ಎಷ್ಟೋ ವರ್ಷ ಒಂದೇ ಮನೆಯಲ್ಲಿದ್ದೆ, ನನಗೆ ಇದು ಗೊತ್ತಿರಲಿಲ್ಲ. ಕೇಳಿರಲಿಲ್ಲ.

ಮಧ್ಯಾಹ್ನ, ಆಳುಗಳು ಊಟಕ್ಕೆ ಹೋದ ಹೊತ್ತು. ಗೊನೆ ಕಡಿದು ಬೀಳಿಸಿದ ಬಾಳೆಯ ಎರಡು ಬೊಡ್ಡೆಗಳನ್ನು ಜೋಡಿಸಿ ಕಟ್ಟಿ ಅಜ್ಜಿ ನೀರಿಗೆ ಬಿಟ್ಟಿದ್ದರು. ಅದನ್ನು ಎದೆಯಡಿ ಹಾಕಿಕೊಂಡರೆ ಮುಳುಗುವುದಿಲ್ಲ. "ನೀ ಮನಿಗೆ ಹೋಗು ಸುಧಾ, ನೀ ಇದ್ರ ಅಂವ ಇಳಿಯಂಗಿಲ್ಲ," ಎಂದರು. ಹೊರಟೆ. ಇಪ್ಪತ್ತು ಹೆಜ್ಜೆ ಹೋಗಿರಬೇಕು, ಕಾಲು ಮುಂದಕ್ಕೆ ಬರಲಿಲ್ಲ. ತಿರುಗಿ ಬಂದು ಮೋಟಾರಿನ ಕೋಣೆಯ ಗೋಡೆಗೆ ಒರಗಿ ನಿಂತೆ. ನೀನು ಮುಳುಗೀಯೆಂದು ಅಲ್ಲ. ಅವರು ಏನು ಹೇಳುತ್ತಾರೋ ಎಂದು.

ನೀನು ಮೇಲಿನ ಮೆಟ್ಟಿಲಲ್ಲಿ ಅಂಗಿಯ ಗುಂಡಿಯೆಲ್ಲ ಹಾಕಿಕೊಂಡು ಕೂತಿದ್ದೆ. ಅವರು ಸೊಂಟದ ತನಕ ನೀರಿನಲ್ಲಿದ್ದರು.

"ಅಂಗಿ ತೆಗೀಪಾ. ಬಾಳಿ ರಸ ಹತ್ತಿತಂದ್ರ ಒಗದ್ರೂ ಹೋಗಂಗಿಲ್ಲ."

"ಇರ್ಲಿ."

"ಯಾತಕ್ಕ ಅಂಜ್ತಿ? ನೀರಿಗೋ, ಮಂದಿಗೋ?"

"ಮಂದಿಗೆ."

"ಇಲ್ಲಿ ಯಾರದಾರ?"

"ನೀ ಅದೀಯಲ್ಲ," ಎಂದೆ ನೀನು. ನಿನ್ನ ದನಿ ಆಗಷ್ಟೇ ಒಡೆಯುತ್ತಿತ್ತು. "ನೀನಽ ಮಾಡ್ಸಿದ್ದಲ್ಲೇನು ಇದು?"

ಶೀನು, ಆ ಹೊತ್ತಿನಲ್ಲಿ ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಹತ್ತು ಹೆಜ್ಜೆ, ಒಂದು ಮಾತು. ಅಷ್ಟೇ ಬೇಕಿತ್ತು. ಅಜ್ಜಿ ತಲೆ ಎತ್ತಿ ನಿನ್ನ ಹಿಂದೆ, ಮೋಟಾರಿನ ಕೋಣೆಯ ಕಡೆ ಒಮ್ಮೆ ನೋಡಿದರು. ಗಾಳಿಗೆ ನನ್ನ ಹಳದಿ ಸೆರಗು ಗೋಡೆಯಾಚೆ ಹಾರುತ್ತಿತ್ತು. ನಾನು ಅದನ್ನು ಒಳಗೆ ಎಳೆದುಕೊಂಡೆ.

"ಹೌದಪಾ," ಎಂದರು ಅಜ್ಜಿ. "ನಂದಽ ತಪ್ಪು."

ನನ್ನ ಜೀವ ನಿರಾಳವಾಯಿತು. ಇದನ್ನು ಬರೆಯದೆ ಬಿಡಬಹುದಿತ್ತು, ನಾಚಿಕೆ ಕಡಿಮೆಯಾಗುತ್ತಿತ್ತು. ಆದರೆ ನಿಜ — ಮೊದಲು ಬಂದದ್ದು ಸಂಕಟವಲ್ಲ, ನಿರಾಳ.

ಅವರು ಇನ್ನೂ ಹೇಳುತ್ತಿದ್ದರು. "ಆದ್ರ ಒಂದು ಕೇಳು. ಅದು ನೀ ಮಾಡ್ಕೊಂಡಿದ್ದಲ್ಲ. ಮಾಡ್ದವ್ರು ನಾಚ್ಕೋಬೇಕು. ನೀ ಯಾಕ ನಾಚ್ಕೋತಿ? ನೀ ಯಾಕ ಮುಚ್ಕೊಂಡು ಅಡ್ಡಾಡ್ತಿ?"

ಈ ಮಾತು ಯಾರಿಗೆ ಎಂದು ನನಗೆ ಗೊತ್ತಾಯಿತು. ನಿನಗೆ ಗೊತ್ತಾಗಲಿಲ್ಲ.

ಆಮೇಲೆ ಅವರು ಮಾಡಿದ್ದನ್ನು ನೀನೂ ಮರೆತಿರಲಾರೆ. ಎರಡೂ ಕೈ ಎತ್ತಿ ತಲೆಯ ಮೇಲಿನ ಸೆರಗು ಹಿಂದಕ್ಕೆ ಸರಿಸಿದರು. ಬೋಳು ತಲೆ, ಮೇಲೆ ಬೆಳ್ಳಗೆ ಅಕ್ಕಿನುಚ್ಚು ಚೆಲ್ಲಿದಂತೆ ಕೂದಲು, ಕಿವಿಯ ಹಿಂದೆ ಕ್ಷೌರದ ಕತ್ತಿ ತಾಗಿದ ಹಳೆಯ ಗಾಯದ ಗೆರೆಗಳು. ಸ್ವಂತ ಮಗನೂ ನೋಡಿರಲಿಲ್ಲ ಆ ತಲೆಯನ್ನು. ನಾನೂ ನೋಡಿರಲಿಲ್ಲ.

"ಇದೂ ನಾ ಮಾಡ್ಕೊಂಡಿದ್ದಲ್ಲ. ನಾಲ್ವತ್ತು ವರ್ಷದ ಮ್ಯಾಲಾತು ಮುಚ್ಕೊಂಡು. ಯಾರಿಗೂ ತೋರ್ಸಿಲ್ಲ. ನೋಡು, ಇವತ್ತ ನೀ ನೋಡಿದಿ. ಏನಾತು? ನೀರು ನೀರಽ ಅದ, ಬಿಸಿಲು ಬಿಸಿಲಽ ಅದ."

ನೀನು ಆ ತಲೆಯನ್ನೇ ನೋಡಿದೆ. ಆಮೇಲೆ ಗುಂಡಿ ಬಿಚ್ಚಿದೆ. ಅಂಗಿ, ಒಂದು ಬನಿಯನ್, ಇನ್ನೊಂದು ಬನಿಯನ್. ಮಡಿಚಿ ಮೆಟ್ಟಿಲ ಮೇಲಿಟ್ಟೆ. ಒಂದೊಂದೇ ಮೆಟ್ಟಿಲು ಇಳಿದು ಹೋಗಿ ಅವರ ಎದುರಿಗೆ, ಒಂದು ಮೊಳ ದೂರದಲ್ಲಿ, ಮುಟ್ಟಬಾರದೆಂಬ ಅಭ್ಯಾಸದಿಂದ ನಿಂತುಬಿಟ್ಟೆ.

"ಬಾ," ಎಂದರು. "ನೀರಾಗ ಮೈಲಿಗಿ ಇಲ್ಲ."

ನಿನ್ನ ಎದೆಯಡಿ ಬಾಳೆಯ ಬೊಡ್ಡೆ ಇಟ್ಟು, ಕಾಲು ಬಡಿ ಎಂದು, ಅಂಗೈಯನ್ನು ನಿನ್ನ ಹೊಟ್ಟೆಯಡಿ ಕೊಟ್ಟರು. ಆ ಬರೆಗಳ ಮೇಲೇ ಇತ್ತು ಆ ಕೈ. ನಾನು ಕಾಲು ಹಿಡಿದು ಸುಡಿಸಿದ ಜಾಗವನ್ನು ಅವರು ನೀರಿನಲ್ಲಿ ಎತ್ತಿ ಹಿಡಿದಿದ್ದರು. ನೀನು ನೀರು ಕುಡಿದೆ, ಕೆಮ್ಮಿದೆ, ಒಮ್ಮೆ ಅವರ ಬೋಳು ತಲೆಯನ್ನೇ ಗಟ್ಟಿಯಾಗಿ ಅಪ್ಪಿ ಹಿಡಿದೆ, ಇಬ್ಬರೂ ನಕ್ಕಿರಿ. ನಾನು ಗೋಡೆಯ ಹಿಂದಿನಿಂದಲೇ ಮನೆಗೆ ಹೋದೆ.

ಎಂಟು ದಿನಕ್ಕೆ ನೀನು ಬೊಡ್ಡೆ ಬಿಟ್ಟು ಈಜಿದೆ. ಕಡೆಯ ದಿನ ಅಜ್ಜಿ ಒಬ್ಬರೇ ಅಂಗಳದಲ್ಲಿ ಸಂಡಿಗೆ ತಿರುವಿ ಹಾಕುತ್ತಿದ್ದಾಗ ನಾನು ಹೋಗಿ ನಿಂತೆ.

"ಅತ್ತೀ, ಅವತ್ತ ಬಾವಿ ಹತ್ರ ನಾ…"

"ಗೊತ್ತದ. ನಿನ್ನ ಸೆರಗು ಕಾಣಸ್ತಿತ್ತು."

"ಯಾಕ ಹಂಗಂದ್ರಿ?"

ಅವರು ತಲೆ ಎತ್ತಲಿಲ್ಲ. "ಅಂವ ದಿನಾ ಬೆಳಗಾದ್ರ ನೋಡೋದು ನಿನ್ನ ಮಾರಿ. ನಂದು ವರ್ಷಕ್ಕೊಮ್ಮಿ. ಇಬ್ಬರಾಗ ಯಾರ ಮ್ಯಾಲ ಸಿಟ್ಟಿದ್ರ ಅಂವಗ ಹಗುರ, ನೀನಽ ಹೇಳು." ಇನ್ನೆರಡು ಸಂಡಿಗೆ ತಿರುವಿದರು. "ನಾ ಹೇಳಿದ್ರ ಅದು ಚಾಡಿ ಆಗ್ತದ ಸುಧಾ. ನೀ ಹೇಳಿದ್ರ ಖರೆ ಆಗ್ತದ. ನಿನಗ ಯಾವಾಗ ಆಗ್ತದ, ಆವಾಗ ಹೇಳು. ಆದ್ರ ಹೇಳು."

ಹೇಳುತ್ತೇನೆ ಎಂದೆ.

ಕಲಬುರಗಿಗೆ ಬಂದ ಮರುದಿನ ನಿನ್ನ ಜೊತೆ ಈಜುಗೊಳಕ್ಕೆ ಬಂದೆ. ಹೊರಗಿನ ಬೆಂಚಿನ ಮೇಲೆ ಕೂತು, ಕೂರಲಾರದೆ, ನಾಲ್ಕು ಸಲ ಎದ್ದು ಬೇಲಿಯ ತನಕ ಹೋಗಿ ನೋಡಿದೆ. ನೀನು ಅಂಗಿ ತೆಗೆದೆ. ಇಮ್ರಾನ್, "ಏನಲೇ ಶೀನ್ಯಾ ಇದು, ಹುಲಿ ಪರಚೇದೇನು?" ಎಂದು ಚೇಷ್ಟೆ ಮಾಡಿದ. ನೀನು ಅವನ ಹೆಗಲಿಗೆ ಗುದ್ದಿ ಹೇಳಿದೆ: "ಬರಿ ಅವು. ನಮ್ಮಜ್ಜಿ ಹಾಕ್ಸ್ಯಾಳ. ಈಜೋದೂ ಆಕೀನಽ ಕಲ್ಸ್ಯಾಳ." ಹಾರಿದೆ. ಅವನೂ ಹಾರಿದ. ಅಷ್ಟೇ, ಮತ್ತೆ ಯಾರೂ ಏನೂ ಕೇಳಲಿಲ್ಲ.

ಅಲ್ಲಿಯೇ ನನಗೊಂದು ಹೊಸ ಕಾರಣ ಸಿಕ್ಕಿತು ನೋಡು. ಹುಡುಗ ಸರಿಹೋಗಿದ್ದಾನೆ, ಅಜ್ಜಿಯ ಜೊತೆ ರಾಜಿಯಾಗಿದ್ದಾನೆ, ಈಗ ಯಾಕೆ ಕೆದಕಬೇಕು? ಎಸ್.ಎಸ್.ಎಲ್.ಸಿ. ಮುಗಿಯಲಿ. ಪಿ.ಯು.ಸಿ. ಮುಗಿಯಲಿ. ನೌಕರಿ ಸಿಗಲಿ. ನೀನು ಪ್ರತಿ ಬೇಸಿಗೆಗೂ ಕಮಲಾಪುರಕ್ಕೆ ಹೋಗಿ ಬಂದೆ, ಪ್ರತಿ ಸಲ ಬಸ್ಸಿಳಿದು ಬಂದಾಗ ನಿನ್ನ ಮುಖ ನೋಡುತ್ತಿದ್ದೆ — ಹೇಳಿದರೋ? ಅವರು ಒಮ್ಮೆಯೂ ಹೇಳಲಿಲ್ಲ. ಅವರು ಕಣ್ಣುಮುಚ್ಚುವ ಹಿಂದಿನ ವಾರ ನೋಡಲು ಹೋಗಿದ್ದೆ. ಬಾಯಿಯಿಂದ ಮಾತು ಹೊರಡುತ್ತಿರಲಿಲ್ಲ, ಕಣ್ಣಿನಲ್ಲೇ ಕೇಳಿದರು. ನಾನು ಇಲ್ಲ ಎಂದು ತಲೆಯಾಡಿಸಿದೆ. ಅವರು ಕಣ್ಣು ಮುಚ್ಚಿಕೊಂಡರು. ಅವರು ಹೋಗಿ ಆರು ವರ್ಷವಾಯಿತು.

ಈ ಹಾಳೆ ಹಿಡಿಯುವ ಮೊದಲು, ಇವತ್ತು ಬೆಳಿಗ್ಗೆ, ನಿನ್ನ ಅಪ್ಪನಿಗೆ ಹೇಳಿದೆ. ಅವರು ಪೇಪರ್ ಓದುತ್ತಿದ್ದರು. ಪೂರ್ತಿ ಕೇಳಿದರು. ಬೈಯುತ್ತಾರೆ ಎಂದು ಕಾದೆ. ಪೇಪರನ್ನು ಮಡಿಚಿಟ್ಟು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ನಾ ನಮ್ಮ ಅವ್ವನ್ನ ಕರಕೊಂಡು ಬರ್ಲಿಕ್ಕ ಒಮ್ಮಿನೂ ಹೋಗಲಿಲ್ಲ," ಎಂದರು. ಚಪ್ಪಲಿ ಮೆಟ್ಟಿ ಹೊರಟರು. ಎಲ್ಲಿಗೆ ಎಂದೆ. "ಕಮಲಾಪುರಕ್ಕ." ಈಗ ಮಧ್ಯಾಹ್ನ ಎರಡು ಗಂಟೆ, ಇನ್ನೂ ಬಂದಿಲ್ಲ. ಬಾಗಿಲಿಗೆ ಐದು ಸಲ ಹೋಗಿ ನೋಡಿದೆ. ಆ ಬಾವಿಯ ಮೆಟ್ಟಿಲ ಮೇಲೆ ಕೂತಿರಬಹುದು. ಅಲ್ಲಿ ಅವರಿಗೆ ಈ ಬಾರಿ ಉತ್ತರ ಕೊಡುವವರು ಯಾರೂ ಇಲ್ಲ.

ಭಾನುವಾರ ತೊಟ್ಟಿಲಿಗೆ ಬರುತ್ತೇನೆ, ನೀನು ಬೇಡ ಎನ್ನದಿದ್ದರೆ. ನಮ್ಮ ಹೆಡ್‌ಮೇಡಮ್ಮಿಗೂ ಬೀಗರು ಹೇಳಿಕಳಿಸಿದ್ದಾರಂತೆ. ಅವರಿಗೆ ವಯಸ್ಸಾಗಿದೆ, ಕಿವಿ ಮಂದ, ಜೋರಾಗಿ ಹೇಳಬೇಕಾಗುತ್ತದೆ. ಹೇಳುತ್ತೇನೆ. ಊಟದ ಪಂಕ್ತಿಯಲ್ಲಿ ಆಡಿದ ಸುಳ್ಳನ್ನು ಊಟದ ಪಂಕ್ತಿಯಲ್ಲೇ, ಅಷ್ಟೇ ಜನರ ಎದುರಿಗೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ನೀನು ಅದನ್ನು ಮಂದಿಯ ನಡುವೆ ಮೊದಲ ಸಲ ಕೇಳಬಾರದು. ಎಂಟು ವರ್ಷದವನಿದ್ದಾಗ ಹಾಗೆ ಒಮ್ಮೆ ಕೇಳಿದ್ದೀಯ. ಅದಕ್ಕೇ ಈ ಪತ್ರ, ಇವತ್ತೇ.

ಕೂಸಿಗೆ ಗೋದಾವರಿ ಎಂದೇ ಹೆಸರಿಡು. ತಪ್ಪು ಮಾಡಿ ಒಪ್ಪಿಕೊಂಡ ಅಜ್ಜಿಯ ಹೆಸರು ಎಂದು ಮಾತ್ರ ಹೇಳಬೇಡ. ಮಾಡದ ತಪ್ಪನ್ನು ಹೊತ್ತುಕೊಂಡು ನಿನ್ನನ್ನು ನೀರಿನ ಮೇಲೆ ಎತ್ತಿ ಹಿಡಿದವರ ಹೆಸರು ಎಂದು ಹೇಳು. ಮತ್ತೆ, ಶೀನು, ನೀನು ಅಜ್ಜಿಗೆ ಕೊಟ್ಟ ಮಾಫಿಯನ್ನು ಹಿಂದಕ್ಕೆ ತೆಗೆದುಕೋ. ಅವರಿಗೆ ಅದು ಬೇಕಾಗಿಯೇ ಇರಲಿಲ್ಲ. ಅದನ್ನು ನನಗೆ ಕೊಡು ಎಂದು ಕೇಳಲು ನಾನು ಇದನ್ನು ಬರೆದಿಲ್ಲ.